ಒಂಬತ್ತು ಹಸಿರು ಕಾರ್ಡು

"ಹನ್ನೆರಡನೇ ತಾರೀಕು ತೆಗಿಯಮ್ಮ," ಎಂದ ಜಗದೀಶ್, ರಾಧಾಳ ಕುರ್ಚಿಯ ಹಿಂದೆ ನಿಂತು.

ರಾಧಾ ತೆಗೆದಳು. ಕಂಪ್ಯೂಟರಿನ ಪರದೆಯ ಮೇಲೆ ಮೈಲಾರಮ್ಮನ ಹೆಸರಿನ ಕಾರ್ಡು ಹಸಿರಾಗಿತ್ತು. ಹದಿಮೂರು ತೆಗೆದಳು, ಅದೂ ಹಸಿರು. ಶ್ರಾವಣದ ಆರ್ಡರು ಎಂದು ಭಾನುವಾರವೂ ರಜೆ ಇರಲಿಲ್ಲ. ಇಪ್ಪತ್ತನೇ ತಾರೀಕಿನವರೆಗೆ ಒಂದು ದಿನವೂ ತಪ್ಪದೆ ಒಂಬತ್ತು ಕಾರ್ಡುಗಳು 'ಮುಗಿದದ್ದು' ಎಂಬ ಸಾಲಿನಲ್ಲಿ ಕೂತಿದ್ದವು. ಒಂಬತ್ತನ್ನೂ ಎಳೆದು ಅಲ್ಲಿ ಕೂರಿಸಿದವಳು ರಾಧಾಳೇ.

"ಎಲ್ಲಾ ಹಸ್ರಾಗೈತಲ್ಲಮ್ಮ. ಹನ್ನೊಂದನೇ ತಾರೀಕು ಬೆರಳಿಗೆ ಸೂಜಿ ಹೊಕ್ಕಿದ್ದು ನಿಜ ಆದ್ರೆ ಮಾರನೇ ದಿನದಿಂದ ಹೆಂಗೆ ಹೊಲಿದ್ಲು ಅಂತ ಬೆಂಗಳೂರವ್ರು ಕೇಳಲ್ವಾ?"

ಜಗದೀಶ್ ಮಡಕಶಿರಾ ಕಡೆಯವನು, ಈ ಹೊಲಿಗೆ ಯೂನಿಟ್ಟಿನ ಮೇನೇಜರು. ಮೈಲಾರಮ್ಮ ಹೊಲಿಯಲಿಲ್ಲವೆಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಸೂಜಿ ಹೊಕ್ಕ ದಿನ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಇಂಜೆಕ್ಷನ್ ಮಾಡಿಸಿಕೊಂಡು ಬಂದವನು ಅವನೇ. "ಅಪಘಾತ ಅಂತ ಕಾರ್ಡು ಹಾಕ್ಬ್ಯಾಡ, ಎರಡು ದಿನಕ್ಕೆ ಸರಿಹೋಗ್ತಾಳೆ" ಎಂದು ರಾಧಾಳಿಗೆ ಹೇಳಿದವನೂ ಅವನೇ. ಈಗ ಕಂಪ್ಯೂಟರನ್ನು ಬಿಟ್ಟರೆ ಲೋಕದಲ್ಲಿ ಬೇರೆ ಯಾರಿಗೂ ನೆನಪಿನ ಶಕ್ತಿ ಇಲ್ಲ ಎನ್ನುವ ಹಾಗೆ ಮಾತಾಡುತ್ತಿದ್ದ.

ರಾಯದುರ್ಗದ ಗಲ್ಲಿ ಗಲ್ಲಿಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ. ಈ ಯೂನಿಟ್ಟಿಗೆ ಬೆಂಗಳೂರಿನ ಕಂಪನಿಯೊಂದರ ಆರ್ಡರು ಸಿಕ್ಕಿದಾಗ ಅದರ ಬೆನ್ನಿಗೇ ಬೋರ್ಡೂ ಬಂದಿತ್ತು. ಬೋರ್ಡು ಎಂದರೆ ಗೋಡೆಯ ಮೇಲಿನದಲ್ಲ, ಇಂಟರ್‌ನೆಟ್ಟಿನದು. ಹೊಲಿಯುವ ಒಬ್ಬೊಬ್ಬರ ಹೆಸರಿಗೂ ದಿನಕ್ಕೊಂದು ಕಾರ್ಡು. ಕೆಲಸ ನಡೆಯುತ್ತಿದ್ದರೆ ಹಳದಿ, ಮುಗಿದರೆ ಹಸಿರು, ನಿಂತರೆ ಕೆಂಪು. ಬೆಂಗಳೂರಿನಲ್ಲಿ ಕೂತವರು ಅಲ್ಲಿಂದಲೇ ನೋಡುತ್ತಾರೆ. ಮೂರು ದಿನ ಸತತವಾಗಿ ಕೆಂಪಾದರೆ ಆ ಹೆಸರು ತಾನಾಗಿಯೇ ಸಾಲಿನಿಂದ ಬಿದ್ದುಹೋಗುತ್ತದೆ. ಯಾರೂ ಬೈಯುವುದಿಲ್ಲ, ಯಾರೂ ಕೆಲಸ ಬಿಡು ಅನ್ನುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ನಿಮ್ಮ ಮಿಷನ್ನಿನ ಮುಂದೆ ಬೇರೆ ಯಾರೋ ಕೂತಿರುತ್ತಾರೆ, ಅಷ್ಟೆ.

ಮೈಲಾರಮ್ಮನ ಹೆಸರು ಬೀಳಬಾರದೆಂದು ಹೆಂಗಸರು ಮುಯ್ಯಿ ಮಾಡಿದ್ದರು. ಅವರಿಗೆ ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಗುಮ್ಮಘಟ್ಟದ ಕಡೆ ಶೇಂಗಾ ಕೀಳುವಾಗ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹೊಲ ಬಿಟ್ಟು ಮಿಷನ್ನಿಗೆ ಬಂದರೂ ಅದು ಜೊತೆಗೇ ಬಂದಿತ್ತು. ನರಸಕ್ಕ, ಪಾಪಕ್ಕ, ಜುಂಜಮ್ಮ ಮೂವರೂ ಊಟದ ಹೊತ್ತಿನಲ್ಲಿ, ಸಂಜೆ ಎಲ್ಲರೂ ಎದ್ದ ಮೇಲೆ, ಮೈಲಾರಮ್ಮನ ಪಾಲಿನ ಸೊಂಟಪಟ್ಟಿಗಳನ್ನು ಹಂಚಿಕೊಂಡು ಹೊಲಿದರು. ಕಟ್ಟು ತಂದು ರಾಧಾಳ ಮೇಜಿನ ಮೇಲಿಟ್ಟು, "ಮೈಲಾರಿ ಹೆಸರಿಗೆ ಹಾಕವ್ವ" ಎಂದರು. ರಾಧಾ ಹಾಕಿದಳು. ದಾರ ಕತ್ತರಿಸುತ್ತ ನಾಲ್ಕು ವರ್ಷ ನಿಂತೇ ಇದ್ದವಳಿಗೆ ಆ ಕುರ್ಚಿ ಸಿಕ್ಕಿ ಆರು ತಿಂಗಳಾಗಿತ್ತು. ತನ್ನ ಕೈಯಿಂದ ಒಂದು ಉಪಕಾರವೂ ಆಗುತ್ತಿದೆಯಲ್ಲ ಎಂದು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಎರಡು ದಿನ ಅಂದದ್ದು ಒಂಬತ್ತಾಯಿತು. ಮುರಿದ ಸೂಜಿಯ ತುದಿ ಒಳಗೇ ಉಳಿದಿತ್ತೆಂದು ತಿಳಿಯುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಬಳ್ಳಾರಿಯಲ್ಲಿ ಬಲಗೈಯ ತೋರುಬೆರಳನ್ನು ಬುಡಕ್ಕೆ ತೆಗೆದರು. ಆ ಬೆರಳಿಲ್ಲದೆ ಮಿಷನ್ನಿನ ಕೆಳಗೆ ಬಟ್ಟೆ ನೂಕಲು ಆಗುವುದಿಲ್ಲ. ಉಳಿದಿದ್ದು ಒಂದೇ ದಾರಿ: ಕೆಲಸದ ಜಾಗದಲ್ಲೇ ಆದದ್ದು ಎಂದು ಯೂನಿಟ್ಟು ಸಹಿ ಹಾಕಿ ಕೊಟ್ಟರೆ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ ಬದುಕಿರುವವರೆಗೆ ತಿಂಗಳು ತಿಂಗಳು ಒಂದಿಷ್ಟು ಬರುತ್ತದೆ. ಗಂಡ ಸತ್ತು, ಅತ್ತೆಯನ್ನೂ ಮಗಳನ್ನೂ ಸಾಕುತ್ತಿರುವ ಹೆಂಗಸು. ಸಹಿ ಆಗಬೇಕಾದ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಮೂರು ಗಂಟೆಗೆ ಬೆಂಗಳೂರಿನ ಮೇಡಂ ವಿಡಿಯೋದಲ್ಲಿ ಬರ್ತಾರೆ. ಅವ್ರು ಹೂಂ ಅಂದ್ರೆ ಸಹಿ ಹಾಕ್ತೀನಿ. ನಂದೇನೂ ಇಲ್ಲ," ಎಂದು ಜಗದೀಶ್ ಹೊರಟುಹೋದ.

ಊಟದ ಹೊತ್ತಿಗೆ ರಾಧಾ ನೀರಿನ ತೊಟ್ಟಿಯ ಹತ್ತಿರ ನರಸಕ್ಕನನ್ನು ಹಿಡಿದಳು. ನರಸಕ್ಕ ಮೂವರಲ್ಲಿ ಹಿರಿಯಳು, ಬಾಯಿ ಜೋರು. ಯಾರಿಗೂ ಹೆದರಿದ್ದನ್ನು ರಾಧಾ ಕಂಡಿರಲಿಲ್ಲ.

"ನಾ ಖರೇ ಹೇಳಿಬಿಡ್ತೀನಿ ನರಸಕ್ಕ. ಕಾರ್ಡು ಹಾಕಿದಾಕಿ ನಾನು, ಹೊಲದೋರು ನೀವು ಅಂತ. ನೀವೂ ಹೌದು ಅನಬೇಕು."

"ಅನ್ನದ ಏನು? ಮೂರು ಮಂದೀನೂ ಬಂದು ಬಾಗಲಾಗ ನಿಂದರ್ತೀವಿ. ಕದ್ದೀವೇನು ನಾವು? ಹೊಲದೀವಿ." ನರಸಕ್ಕ ಬಾಯಿ ಮುಕ್ಕಳಿಸಿ ಉಗಿದಳು. "ಆಕೀ ಬೆರಳು ಹೋಗೈತಿ, ನಮ್ಮ ನಾಲಿಗಿ ಹೋಗಿಲ್ಲಲ್ಲ."

ರಾಧಾಳಿಗೆ ಅರ್ಧ ಜೀವ ಬಂತು. ಅನ್ನ ಸೇರಿತು.

ಮೂರಕ್ಕೆ ಸರಿಯಾಗಿ ಮೇಡಂ ಪರದೆಯ ಮೇಲೆ ಬಂದರು. ಸಣ್ಣ ವಯಸ್ಸು, ಒಳ್ಳೆಯ ಮಾತು. ಮೈಲಾರಮ್ಮನನ್ನು ಒಳಗೆ ಕರೆಸಿ ಕುರ್ಚಿ ಕೊಡಿಸಿದರು. "ಕೈ ಈಗ ಹೇಗಿದೆ ಅಮ್ಮ? ನೋವಿದೆಯಾ?" ಎಂದು ಕೇಳಿದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ಬಾಗಿಲಲ್ಲಿ ನರಸಕ್ಕ, ಅವಳ ಹಿಂದೆ ಇನ್ನಿಬ್ಬರು ಬಂದು ನಿಂತರು.

"ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ," ಎಂದರು ಮೇಡಂ. "ಬೋರ್ಡಿನಲ್ಲಿ ಮೈಲಾರಮ್ಮ ಒಂಬತ್ತು ದಿನವೂ ಕೆಲಸ ಮಾಡಿದ್ದಾರೆ. ಇವರ ಹೆಸರಲ್ಲಿ ಬೇರೆಯವರು ಹೊಲಿದಿದ್ದರೆ ಅದು ಸುಳ್ಳು ದಾಖಲೆ. ನಮ್ಮಿಂದ ಬಟ್ಟೆ ತಗೊಳ್ಳೋ ಕಂಪನಿಯವರು ಅದನ್ನ ಸುಮ್ಮನೆ ಬಿಡಲ್ಲ. ಹೊಲಿದವರು, ಕಾರ್ಡು ಹಾಕಿದವರು, ಎಲ್ಲರ ಹೆಸರನ್ನೂ ಇವತ್ತೇ ತೆಗೀಬೇಕಾಗುತ್ತೆ. ನನಗೂ ಬೇರೆ ದಾರಿ ಇಲ್ಲ. ಹಾಗೇನಾದರೂ ಆಗಿದೆಯಾ?"

ಹೊರಗೆ ಮಿಷನ್ನುಗಳು ಓಡುತ್ತಿದ್ದವು. ಜಗದೀಶ್ ತನ್ನ ಮೊಬೈಲು ನೋಡತೊಡಗಿದ. ರಾಧಾ ಬಾಗಿಲ ಕಡೆ ತಿರುಗಿದಳು. ನರಸಕ್ಕ ತಲೆ ತಗ್ಗಿಸಿ ತನ್ನ ಕಾಲುಂಗುರವನ್ನೇ ನೋಡುತ್ತ ನಿಂತಿದ್ದಳು. ಪಾಪಕ್ಕ, ಜುಂಜಮ್ಮ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅವರ ಮೇಲೆ ರಾಧಾಳಿಗೆ ಸಿಟ್ಟು ಬರಲಿಲ್ಲ. ತೆಗೆಯುವ ಹೆಸರುಗಳಲ್ಲಿ ಅವಳದೂ ಇತ್ತು. ಆದರೂ ಹೇಳಲೇಬೇಕು, ಕಾರ್ಡು ಎಳೆದದ್ದು ತನ್ನ ಕೈ ಎಂದುಕೊಂಡು ಬಾಯಿ ತೆರೆದಳು.

"ನಾನ ಹೊಲದೀನ್ರಿ," ಎಂದಳು ಮೈಲಾರಮ್ಮ.

ಮೇಡಂ ಮುಂದಕ್ಕೆ ಬಾಗಿದರು. "ಒಂಬತ್ತು ದಿನವೂ?"

"ಹೌದ್ರಿ. ಒಂಬತ್ತು ದಿನಾನೂ ನಾನ ಬಂದೀನಿ."

"ಹಾಗಾದರೆ ಬೆರಳಿಗೆ ಪೆಟ್ಟಾಗಿದ್ದು ಯಾವಾಗ? ಎಲ್ಲಿ?"

ಮೈಲಾರಮ್ಮ ಬಾಗಿಲ ಕಡೆ ನೋಡಲಿಲ್ಲ. ರಾಧಾಳ ಕಡೆಯೂ ನೋಡಲಿಲ್ಲ. "ಮನ್ಯಾಗ್ರಿ. ಇಪ್ಪತ್ತಕ್ಕ ಕೆಲ್ಸ ಮುಗಿಸಿ ಹೋಗಿ ಮ್ಯಾಕಿಗೆ ಸೊಪ್ಪು ಕೊಯ್ಯಾಕ ಕುಂತಿದ್ದೆ. ಕುಡುಗೋಲು ತಗಲ್ತು."

ಮೇಡಂ ಉಸಿರು ಬಿಟ್ಟರು. ಅವರಿಗೆ ಹಗುರವಾಯಿತೋ ದುಃಖವಾಯಿತೋ, ಪರದೆಯಲ್ಲಿ ತಿಳಿಯುವ ಹಾಗಿರಲಿಲ್ಲ. "ರಾಧಾ, ನಿಮ್ಮ ದಾಖಲೆ ಪ್ರಕಾರ ಇದು ಸರಿನಾ?" ಎಂದು ಕೇಳಿದರು.

ಈಗಲೂ ಹೇಳಬಹುದಿತ್ತು. ಒಂದು ಮಾತು, ಅಷ್ಟೇ ಬೇಕಾಗಿತ್ತು. ರಾಧಾಳಿಗೆ ನಾಲ್ಕು ವರ್ಷ ನಿಂತ ಕಾಲು ನೆನಪಾಯಿತು. ಬಾಗಿಲಲ್ಲಿ ನಿಂತ ಮೂವರು ನೆನಪಾದದ್ದು ಅದಾದ ಮೇಲೆ. ಆ ಅನುಕ್ರಮಕ್ಕೆ ಆಮೇಲೆ ಅವಳು ಬಹಳ ದಿನ ತನ್ನನ್ನು ತಾನೇ ಹಳಿದುಕೊಂಡಳು.

"ಸರಿ ಐತ್ರಿ, ಮೇಡಂ," ಎಂದಳು.

"ಹಾಗಂತ ಒಂದು ಸಾಲು ಬರೆದುಬಿಡಿ. ಮನೆಯಲ್ಲಿ ಆದ ಗಾಯ ಅಂತ."

ರಾಧಾ ಬರೆದಳು. ತಪ್ಪಿಲ್ಲದೆ ಬರೆದಳು. ಜಗದೀಶ್ ಹಿಂದಿನಿಂದ ಬಗ್ಗಿ ಓದಿ, ಕುಡುಗೋಲು ಎಂಬುದನ್ನೂ ಸೇರಿಸು ಎಂದ. ಅದನ್ನೂ ಸೇರಿಸಿದಳು. ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ, ಮೂವರೂ ಮಿಷನ್ನಿಗೆ ಹೋಗಿ ಕೂತಿದ್ದರು.

ಕುರ್ಚಿ ಹಿಂದಕ್ಕೆ ತಳ್ಳಿ ರಾಧಾ ಹೊರಗೆ ಓಡಿದಳು. ಮೈಲಾರಮ್ಮ ಆಗಲೇ ಗೇಟು ದಾಟಿ ರಸ್ತೆಯ ಅಂಚಿನಲ್ಲಿ ಗುಮ್ಮಘಟ್ಟದ ಆಟೋಗೆ ಕಾಯುತ್ತಿದ್ದಳು. ಸೆರಗು ಜಾರಿತ್ತು. ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಎಡಗೈಯಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಲು ನೋಡುತ್ತಿದ್ದಳು. ಎರಡು ಸಲ ಸಿಕ್ಕಿಸಿದಳು, ಎರಡು ಸಲವೂ ಬಿಚ್ಚಿಕೊಂಡಿತು.

"ಯಾಕ ಹಂಗಂದಿ, ಅಕ್ಕ? ನಾ ಹೇಳಾಕ ಬಾಯಿ ತಗದಿದ್ದೆ," ಎಂದಳು ರಾಧಾ. ಅಳು ಬಂದಿತ್ತು.

"ನೋಡಿದೆನವ್ವ. ಅದಕ್ಕ ನಾ ಮೊದ್ಲ ಅಂದೆ."

ರಾಧಾ ಹತ್ತಿರ ಬಂದು ಸೆರಗು ಹಿಡಿದಳು. ಮೈಲಾರಮ್ಮ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು. ಸಿಟ್ಟಿನಿಂದ ಸರಿಸಿದ್ದಲ್ಲ.

"ಬ್ಯಾಡ ಬಿಡು ರಾಧವ್ವ. ಇನ್ನ ಯಾರ ಮುಯ್ಯೀನೂ ತೀರ್ಸಾಕ ನನ್ನ ಕೈಲಿ ಆಗಾಂಗಿಲ್ಲ."

ಆಟೋ ಬಂತು. ಒಳಗೆ ಜಾಗವಿರಲಿಲ್ಲ. ಡ್ರೈವರು ಪಕ್ಕಕ್ಕೆ ಸರಿದು ತನ್ನ ಸೀಟಿನ ತುದಿಯಲ್ಲಿ ಒಂದು ಗೇಣು ಜಾಗ ಬಿಟ್ಟ. ಮೈಲಾರಮ್ಮ ಹತ್ತಿ, ಜಾರಿದ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಿಂದ ಕಂಬಿ ಹಿಡಿದು ಕೂತಳು.