ತೊಗಲುಬೀದಿಯ ಅಪೊಸ್ತಲ

ನಾಲ್ಕನೆಯ ದಿನದ ಹೊತ್ತಿಗೆ ಬಣ್ಣದವನಿಗೆ ಅಪೊಸ್ತಲರ ಮೇಲಿನ ಭಕ್ತಿಗಿಂತ ಬೆನ್ನುನೋವೇ ಒಂದು ಗೇಣು ಹೆಚ್ಚಾಗಿತ್ತು. ಚರ್ಚಿನ ಹಿಂದಿನ ಕೋಣೆಯಲ್ಲಿ, ಪಾದ್ರಿಗಳ ನಿಲುವಂಗಿ ತೂಗುವ ಬೀರುವಿನ ಪಕ್ಕ, ಎರಡು ಬೆಂಚು ಸೇರಿಸಿ ಆಳೆತ್ತರದ ಮರದ ವಿಗ್ರಹವನ್ನು ಅಂಗಾತ ಮಲಗಿಸಿದ್ದ. ನೂರಾರು ವರ್ಷ ನಿಂತವರು ಆರಾಮಾಗಿ ಮಲಗಿದ್ದರು. ಮಲಗಬೇಕಾದ ವಯಸ್ಸಿನವನು ಬಗ್ಗಿ ನಿಂತು ಅವರ ಕೆನ್ನೆ ಕೆರೆಯುತ್ತಿದ್ದ.

ತೊಗಲುಬೀದಿಯವರಿಗೆ ಇವರು ಸಂತ ಬಾರ್ತಲೋಮಾಯ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರು. ದೂರದೇಶಕ್ಕೆ ಸುವಾರ್ತೆ ಸಾರಲು ಹೋಗಿ, ಜೀವವಿರುವಾಗಲೇ ಚರ್ಮ ಸುಲಿಸಿಕೊಂಡು ಸತ್ತರು ಎಂದು ಹಿಂದಿನಿಂದ ಹೇಳಿಕೊಂಡು ಬಂದ ಮಾತು. ವಿಗ್ರಹದ ಬಲಗೈಯಲ್ಲಿ ಸುಲಿದ ಕತ್ತಿ, ಎಡ ಮೊಣಕೈ ಮೇಲೆ ಒಣಗಹಾಕಿದ ಬಟ್ಟೆಯಂತೆ ಇಳಿಬಿದ್ದ ಅವರದೇ ಚರ್ಮ. ಬೆಳಗಿನಿಂದ ಸಂಜೆವರೆಗೆ ಹಸಿ ತೊಗಲು ಹೆರೆಯುವ ಜನಕ್ಕೆ ಇದಕ್ಕಿಂತ ಹತ್ತಿರದ ಸಂತ ಎಲ್ಲಿ ಸಿಗಬೇಕು? ಊರೆಲ್ಲ ಮೂಗು ಮುಚ್ಚಿಕೊಂಡು ದಾಟುವ ಬೀದಿಯಲ್ಲಿ ಮೂಗು ಮುಚ್ಚದೆ ನಿಂತವರು ಇವರೊಬ್ಬರೇ. ಎರಡೂ ಕೈಯಲ್ಲಿ ಸಾಮಾನಿತ್ತು ಎಂಬುದು ಬೇರೆ ಮಾತು.

ವರ್ಷಕ್ಕೊಮ್ಮೆ ಅವರಿಗೆ ಹೊಸ ಬಣ್ಣ. ಆದರೆ ಹಳೆಯದನ್ನು ಯಾರೂ ಕೆರೆಯುವಂತಿಲ್ಲ. 'ಒಂದು ಸಲ ಸುಲಿದದ್ದು ಸಾಲದಾ?' ಎಂಬುದು ಬೀದಿಯ ಕಾನೂನು. ಹೀಗೆ ಬಣ್ಣದ ಮೇಲೆ ಬಣ್ಣ. ಅಪ್ಪ ಬಳಿದ, ಆಮೇಲೆ ಮೂವತ್ತೊಂದು ವರ್ಷ ಇವನು ಬಳಿದ. ಸಂತರ ಕೆನ್ನೆ ಹಲ್ಲುನೋವಿನವರ ಹಾಗೆ ಊದಿತು, ಕಿವಿಯ ತೂತು ಮುಚ್ಚಿಹೋಯಿತು. ಚರ್ಮವೇ ಇಲ್ಲದ ಸಂತರಿಗೆ ಇಷ್ಟು ದಪ್ಪ ಚರ್ಮವೇ ಎಂದು ಬಣ್ಣದವನೇ ಚೇಷ್ಟೆ ಮಾಡುತ್ತಿದ್ದ.

ಈ ವರ್ಷ ವಿಗ್ರಹದ ಪೀಠದಿಂದ ಮರದ ಹುಡಿ ಉದುರಿತು. ಹೊಸದಾಗಿ ಬಂದ ಪಾದ್ರಿ ಕನ್ನಡಕ ಏರಿಸಿ, "ಹುಳು ಒಳಗಿಂದ ತಿಂತಾ ಇದೆ, ನೀವು ಹೊರಗಿಂದ ಪೌಡರ್ ಹಾಕ್ತಾ ಇದೀರಿ. ಪೂರ್ತಿ ಕೆರೆದು ಎಣ್ಣೆ ಕುಡಿಸಿ," ಎಂದರು. ಬೀದಿಯ ಗಂಡಸರೆಲ್ಲ ಕೈ ಹಿಂದಕ್ಕೆ ಕಟ್ಟಿಕೊಂಡರು. ದಿನಕ್ಕೆ ಐವತ್ತು ತೊಗಲು ಹೆರೆಯುವ ಕೈಗಳು ಈ ಒಂದನ್ನು ಮುಟ್ಟಲಾರೆವು ಎಂದವು. ಉಳಿದವನು ಇವನು.

ಇವನಿಗೆ ಸಂತರೊಂದಿಗೆ ಒಂದು ಸ್ವಂತ ಜಗಳವೂ ಇತ್ತು. ಅಕ್ಕ ನಲವತ್ತು ವರ್ಷದಿಂದ ತೊಗಲು ಹದಮಾಡುವ ಕಾರ್ಖಾನೆಯಲ್ಲಿ, ಸುಣ್ಣದ ತೊಟ್ಟಿಯಿಂದ ಎತ್ತಿದ ತೊಗಲನ್ನು ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಬಾಗುಗತ್ತಿಯಿಂದ ಹೆರೆಯುವವಳು. ಬಲಗೈಯ ಮಣಿಕಟ್ಟು ಈಗ ಮೊಣಕಾಲಿನಷ್ಟು ದಪ್ಪ. ಈ ತಿಂಗಳೇ ಬಿಡದಿದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಹೊಟ್ಟೆಬಟ್ಟೆಗೆ ಕೊರತೆಯೇನೂ ಇರಲಿಲ್ಲ. ಮಗಳು ಬಾ ಎನ್ನುತ್ತಿದ್ದಳು, ತಮ್ಮನೂ ಬಾ ಎನ್ನುತ್ತಿದ್ದ. ಅಕ್ಕನದು ಒಂದೇ ಉತ್ತರ: "ಅವರು ಮೈಯೆಲ್ಲ ಸುಲಿಸ್ಕೊಂಡು ತುಟಿ ಪಿಟಕ್ ಅನ್ನಲಿಲ್ಲ. ನಂದೊಂದು ಮಣಿಕಟ್ಟು ಯಾವ ಲೆಕ್ಕ?" ಮನುಷ್ಯರಾದರೆ ವಾದಿಸಬಹುದು. ಹುತಾತ್ಮರ ಎದುರು ಯಾರ ನೋವು ಗೆದ್ದೀತು?

ಅವತ್ತು ಬೆಳಿಗ್ಗೆ ಕತ್ತಿಯ ಸರದಿ. ಬೆಳ್ಳಿಬಣ್ಣ ಹೋಯಿತು, ಅದರಡಿಯ ಬೆಳ್ಳಿಬಣ್ಣ ಹೋಯಿತು. ತುದಿಯಲ್ಲಿ, ಬಿರುಕಿಗೆ ಮೆತ್ತುವ ಪುಟ್ಟಿ ಸಿಕ್ಕಿತು. ಆ ಪುಟ್ಟಿ ತನ್ನದೇ ಎಂದು ಬೆರಳಿಗೆ ಮೊದಲು ನೆನಪಾಯಿತು, ತಲೆಗೆ ಆಮೇಲೆ. ಕೆಲಸ ಕೈಗೆ ಬಂದ ಮೊದಲ ವರ್ಷ ಕತ್ತಿಯ ತುದಿಯಲ್ಲಿ ಸೀಳು ಕಂಡು, ಮರ ಬಿರಿದಿದೆ ಎಂದು ಮೆತ್ತಿದ್ದ. ಅಷ್ಟಕ್ಕೇ ನಿಲ್ಲದೆ ಅಂಚನ್ನು ತಿದ್ದಿ ತೀಡಿ ಹರಿತ ಮಾಡಿದ್ದ. "ಈಗ ಕತ್ತಿ ಕತ್ತಿ ಥರ ಕಾಣ್ತದೆ ನೋಡು!" ಎಂದು ಕಾರ್ಖಾನೆಯ ಮೇಸ್ತ್ರಿ ಬೆನ್ನು ತಟ್ಟಿದ್ದ.

ಪುಟ್ಟಿ ಚಕ್ಕೆಯಾಗಿ ಎದ್ದುಬಂತು. ಒಳಗಿದ್ದ ಸೀಳು ಬಿರುಕಲ್ಲ, ಉಳಿಯಿಂದ ನೇರವಾಗಿ ಕೊರೆದದ್ದು. ಶಾಯಿ ಇಳಿಯಲಿ ಎಂದು. ಮೇಲೆ ಕೆರೆದರೆ ಹಕ್ಕಿಗರಿಯ ಎಳೆಗಳು. ಅದು ಕತ್ತಿಯಲ್ಲ, ಬರೆಯುವ ಗರಿ. ಎಡ ಮೊಣಕೈ ಮೇಲೆ ಇಳಿಬಿದ್ದ ಚರ್ಮವನ್ನು ಕೆರೆದರೆ ಸಾಲು ಸಾಲು ಅಕ್ಷರ. ಅದು ಬರೆದ ಸುರುಳಿ. ಪೀಠವನ್ನೂ ಕೆರೆದ. ಮೊದಲು 'ಮ' ಎದ್ದಿತು. ಆಮೇಲೆ ಉಳಿದದ್ದು: ಮತ್ತಾಯ.

ಬಣ್ಣ ಬಯಲಾಗುವುದು ಎಂದರೆ ಇದೇ ಇರಬೇಕು. ಸಂತರದ್ದಲ್ಲ, ಬಣ್ಣದವನದು.

ಬಣ್ಣದವನು ಸ್ಟೂಲಿನ ಮೇಲೆ ಕೂತ. ಹೇಳಿದರೆ ಬೀದಿಯೇ ಮೈಮೇಲೆ ಬೀಳುತ್ತದೆ. ಹೇಳದಿದ್ದರೆ ಅಂಗೈಯಗಲ ಪುಟ್ಟಿ, ಎರಡು ಕೈ ಬೆಳ್ಳಿಬಣ್ಣ. ಸಂಜೆಯೊಳಗೆ ಬಾರ್ತಲೋಮಾಯ ಮತ್ತೆ ಹಾಜರ್. ಇಷ್ಟು ಸುಸ್ತಾದವನಿಗೆ ಸತ್ಯಕ್ಕಿಂತ ಪುಟ್ಟಿ ಹಗುರ. ಡಬ್ಬಿ ತೆರೆದು ಕಲಸತೊಡಗಿದ.

"ಲೋ, ಊಟಕ್ಕೆ ಬಾರೋ."

ಅಕ್ಕ. ಮಧ್ಯಾಹ್ನದ ಅರ್ಧಗಂಟೆ ಬಿಡುವಿನಲ್ಲಿ ಬುತ್ತಿ ಹಿಡಿದು ಬಂದಿದ್ದಳು, ಎಡಗೈಯಲ್ಲಿ. ಅವನು ಥಟ್ಟನೆ ಒಂದು ಬಟ್ಟೆ ಎಳೆದು ವಿಗ್ರಹಕ್ಕೆ ಹೊದಿಸಿದ.

"ಇವತ್ತು ಮೇಸ್ತ್ರಿ ಏನಂದ ಗೊತ್ತಾ?" ಅಕ್ಕ ಗಂಟಲು ದಪ್ಪ ಮಾಡಿ, ಹೊಟ್ಟೆ ಮುಂದೆ ತಳ್ಳಿ ನಿಂತಳು. "'ಏನಮ್ಮಾ, ತೊಗಲು ಹೆರೀತಿದೀಯೋ, ತಲೆ ಬಾಚ್ತಿದೀಯೋ?' ಅಂತ. ಕೈ ಎತ್ತೋಕೇ ಆಗ್ತಿಲ್ಲ ಕಣೋ." ಅಷ್ಟರಲ್ಲಿ ಬಟ್ಟೆ ಕಂಡಿತು. "ಅದ್ಯಾಕೆ ಮುಚ್ಚಿದೆ? ಅವರಿಗೇನು ಚಳೀನಾ?"

"ಧೂಳು."

"ನಿನ್ನ ಮೂತಿ ನೋಡಿದ್ರೆ ಧೂಳಲ್ಲ, ಬೂದಿ ಬಿದ್ದಿರೋ ಹಾಗಿದೆ," ಎಂದು ಬಟ್ಟೆ ಸರಿಸಿಯೇಬಿಟ್ಟಳು.

ಗರಿ, ಸುರುಳಿ, ಪೀಠದ ಹೆಸರು, ಒಂದೊಂದಾಗಿ ನೋಡಿದಳು. ಅವನು ಪುಟ್ಟಿ, ಸೀಳು, ಮೊದಲ ವರ್ಷ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಅಕ್ಕ ಸೊಂಟಕ್ಕೆ ಕೈಯಿಟ್ಟಳು.

"ನನ್ನ ಕೆಲಸ ಬಿಡಿಸೋಕೆ ಸಂತರನ್ನೇ ಬದಲಾಯಿಸಿದ್ಯೇನೋ?"

"ಅಕ್ಕಾ, ಅಷ್ಟು ಚೆನ್ನಾಗಿ ಕೆತ್ತೋಕೆ ಬಂದಿದ್ರೆ ನಾನು ಬಣ್ಣ ಬಳೀತಾ ಕೂರ್ತಿದ್ನಾ?"

ಈ ವಾದ ಅವಳಿಗೆ ನಾಟಿತು. ಬಗ್ಗಿ ಪೀಠದ ಅಕ್ಷರಗಳ ಮೇಲೆ ಎಡಗೈ ಬೆರಳಾಡಿಸಿದಳು, ಕುರುಡರಂತೆ, ಎರಡು ಸಲ. ನೆಟ್ಟಗಾದಾಗ ಕಣ್ಣು ತುಂಬಿತ್ತು, ದನಿ ಮಾತ್ರ ಚಾಕು.

"ಮೂವತ್ತೊಂದು ವರ್ಷ ಬಳಿದ್ಯಲ್ಲ, ಒಂದು ದಿನ ಕಣ್ಣುಬಿಟ್ಟು ನೋಡಬಾರದಿತ್ತಾ? ಗಂಡ ಹೋದಾಗ, ಮಗಳ ಹೆರಿಗೆ ಕಷ್ಟ ಆದಾಗ, ಈ ಕೈ ಊದಿದಾಗ... ಯಾರ ಮುಂದೆ ಅತ್ತೆ ನಾನು? ಯಾರೋ ಇವನು?"

"ಇವರೂ ಹನ್ನೆರಡರಲ್ಲಿ ಒಬ್ಬರೇ ಅಕ್ಕಾ. ಸುವಾರ್ತೆ ಬರೆದವರು. ಮೊದಲು... ಸುಂಕ ವಸೂಲಿ ಮಾಡ್ತಿದ್ರು."

"ಸುಂಕದವನಾ!" ಅಕ್ಕ ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. ಅಳುವಿನ ನಡುವೆಯೇ ನಗು ನುಗ್ಗಿತು. "ಸುಂಕ ಅಂದ್ರೆ ಉರಿದುಬೀಳೋ ಮೇಸ್ತ್ರಿಗೆ ಗೊತ್ತಾದ್ರೆ ಇವರನ್ನ ಇನ್ನೊಂದು ಸಲ ಹುತಾತ್ಮರನ್ನಾಗಿ ಮಾಡ್ತಾನೆ. ಇವರನ್ನೂ ಕೊಂದ್ರಾ?"

"ಕತ್ತಿಯಿಂದ ಕೊಂದ್ರು ಅಂತಾರೆ. ಪೂಜೆಪೀಠದ ಹತ್ರಾನೇ."

"ಪಾಪ." ಬುತ್ತಿಯನ್ನು ಹತ್ತಿರ ಎಳೆದುಕೊಂಡು ಕೇಳಿದಳು, "ಆ ಸುಂಕದ ಕೆಲಸ ಹೇಗೆ ಬಿಟ್ರು?"

"ಕಟ್ಟೆ ಮೇಲೆ ಕೂತಿದ್ರಂತೆ, ಕೆಲಸದಲ್ಲೇ. ಯೇಸು ಆ ಕಡೆ ಹೋಗ್ತಾ ಬಾ ಅಂದ್ರು. ಎದ್ದು ಹೋದ್ರು."

"ಅಷ್ಟೇನಾ? ಯಾರಿಗೂ ಹೇಳದೆ?"

"ಹೇಳಿದ್ರು ಅಂತ ಎಲ್ಲೂ ಬರೆದಿಲ್ಲ."

"ಬರೆದವರು ಅವರೇ ತಾನೇ? ಹೇಳಿದ್ರೆ ಬರೀತಿದ್ರು." ಅಕ್ಕ ಊದಿದ ಮಣಿಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಮಗುವನ್ನು ನೋಡುವಂತೆ ನೋಡಿದಳು. "ತಡ್ಕೋ ಅಂತ ಹೇಳ್ತಿದಾರೆ ಅಂದ್ಕೊಂಡು ಬಂದು ಹೋಗ್ತಿದ್ದೆ ಕಣೋ. ದಿನಾ."

ಅವನಿಗೆ ಈಗ 'ಎದ್ದು ಹೋಗು ಅಂತಿದ್ರೇನೋ' ಎಂಬ ಒಂದು ಮಾತು ಸೇರಿಸುವ ಆಸೆ ನಾಲಗೆಯ ತುದಿವರೆಗೆ ಬಂತು. ಮೂವತ್ತೊಂದು ವರ್ಷ ಮೆತ್ತಿದ್ದು ಸಾಕೆನಿಸಿ ಬಾಯಿಮುಚ್ಚಿಕೊಂಡ.

ಇಬ್ಬರೂ ಉಂಡರು. ಅಕ್ಕ ಎಡಗೈಯಲ್ಲೇ ಉಂಡಳು, ಕೆಳಗೆ ಚೆಲ್ಲುತ್ತ. ಆಚೆ ಕಾರ್ಖಾನೆಯ ಸೈರನ್ನು ಕೂಗಿತು. ಆ ಸದ್ದಿಗೆ ನಲವತ್ತು ವರ್ಷದಿಂದ ಅವಳ ಕಾಲು ತಾನಾಗಿ ಏಳುತ್ತಿತ್ತು. ಇವತ್ತೂ ಅರ್ಧ ಎದ್ದಿತು. ಮತ್ತೆ ಕೂತಳು. ಏಪ್ರನ್ನಿನ ಗಂಟು ಒಂದೇ ಕೈಗೆ ಬಿಚ್ಚಲಾಗಲಿಲ್ಲ. "ಬಿಚ್ಚೋ," ಎಂದಳು. ಬಿಚ್ಚಿದ. ಅದನ್ನೇ ಮಡಚಿ ತಲೆದಿಂಬು ಮಾಡಿಕೊಂಡು, ಸಂತರ ಪಾದದ ಕಡೆ ಉಳಿದ ಬೆಂಚಿನ ಜಾಗದಲ್ಲಿ ಮುದುಡಿ ಮಲಗಿದಳು.

"ಬೀದಿಯವರಿಗೆ ಏನು ಹೇಳಲಿ ಅಕ್ಕಾ?"

"ಇದ್ದದ್ದು ಹೇಳು. ಬೈತಾರೆ. ಬೈಸ್ಕೋ," ಎಂದಳು ಕಣ್ಣುಮುಚ್ಚಿಯೇ. ಎರಡು ನಿಮಿಷಕ್ಕೆ ಗೊರಕೆ ಶುರುವಾಯಿತು. ಹಗಲು ಹೊತ್ತಿನಲ್ಲಿ ಅಕ್ಕನ ಗೊರಕೆಯನ್ನು ಅವನು ಕೇಳಿದ್ದು ಅದೇ ಮೊದಲು.

ಹೊರಗೆ ಮೇಸ್ತ್ರಿಯ ದನಿ: "ನಿಮ್ಮಕ್ಕ ಎಲ್ಲಪ್ಪಾ? ತೊಗಲು ಕಾಯ್ತಾ ಇದೆ!"

ಬಣ್ಣದವನು ಕಲಸಿದ್ದ ಪುಟ್ಟಿಯನ್ನು ಕಾಗದಕ್ಕೆ ಕೆಡವಿ ಮುದುರಿದ. ಬೆನ್ನು ಹಿಡಿದುಕೊಂಡು ಹೊರಗೆ ಹೋಗಿ, ಕದ ಸದ್ದಾಗದಂತೆ ಎಳೆದುಕೊಂಡು, "ಮೆಲ್ಲಗೆ ಮಾತಾಡು ಮೇಸ್ತ್ರಿ," ಎಂದ. "ಎರಡು ವಿಷಯ ಇದೆ. ಮೊದಲು ಕೂತ್ಕೋ."