ಎಡೆಗೆ ಒಂದು ಬಟ್ಟಲು ಸಾಸ್

ದುರ್ಗಂ ಚೆರುವು ಕೆರೆಯ ದಂಡೆಯಲ್ಲಿದ್ದ ಆ ಪುಟ್ಟ ಹೋಟೆಲಿನಲ್ಲಿ ಇಟಲಿಯ ಪಾಸ್ತಾ, ಅಮೆರಿಕದ ಬರ್ಗರ್ ಎರಡೂ ಸಿಗುತ್ತಿದ್ದವು. ನಡೆಸುವವಳು ಸೊಸೆ ಸುವರ್ಣಾ. ಪಾಸ್ತಾಕ್ಕೆ ಟೊಮ್ಯಾಟೊ ಸಾಸ್ ಕುದಿಸುವವಳು ಅತ್ತೆ ಶಿವದೇವಿ. ದೇವರಿಗೆ ಎಡೆ ಹಿಡಿಯದ ಅಡುಗೆಯನ್ನು ಶಿವದೇವಿ ಹುಟ್ಟಿದಾಗಿನಿಂದ ನಾಲಿಗೆಗೆ ಹಚ್ಚಿದವಳಲ್ಲ. ವಾಸನೆಯಲ್ಲೇ ಹದ ನೋಡುತ್ತಿದ್ದಳು.

ಆ ಮಧ್ಯಾಹ್ನ ಮೂರು ತಟ್ಟೆ ಪಾಸ್ತಾ ಹಾಗೆಯೇ ಮರಳಿ ಬಂದವು. ಒಮ್ಮೆ ಹಾಕಿದ್ದನ್ನು ಮರೆತು ಶಿವದೇವಿ ಸಾಸಿಗೆ ಎರಡನೇ ಸಲ ಉಪ್ಪು ಹಾಕಿದ್ದಳು. ಇನ್ನು ತನ್ನನ್ನು ಒಲೆಯ ಹತ್ತಿರ ಬಿಡಲಾರರು ಎಂದುಕೊಂಡು ಅವಳು ಸೌಟನ್ನು ಕೆಳಗಿಟ್ಟಳು.

“ನನ್ನ ಕೈ ಕೆಟ್ಟೈತಿ, ಸುವರ್ಣಾ. ನಾಳಿಂದ ಮನ್ಯಾಗ ಇರ್ತೀನಿ.”

“ಕೈ ಚಲೋನ ಐತ್ರಿ ಅತ್ತಿ. ನಾಲಿಗಿಗೆ ನೀವು ಕೆಲಸಾನ ಕೊಟ್ಟಿಲ್ರಿ.”

“ಎಡಿ ಹಿಡೀದ ಹೆಂಗ ರುಚಿ ನೋಡ್ಲಿ?”

ಸುವರ್ಣಾ ಅತ್ತೆಯ ಕೈಯಿಂದಲೇ ಹೊಸ ಸಾಸ್ ಮಾಡಿಸಿ, ಮೊದಲ ಸೌಟನ್ನು ಬಟ್ಟಲಿಗೆ ಹಾಕಿ, ಹಣದ ಗಲ್ಲೆಯ ಮೇಲಿನ ಮನೆದೇವರು ಮಲ್ಲಯ್ಯನ ಪಟದ ಮುಂದಿಟ್ಟು ಕೈ ಮುಗಿದಳು. ಆಮೇಲೆ ಅದೇ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟಳು.

“ಎಡಿ ಆತ್ರಿ. ಈಗ ನೋಡಿ ಹೇಳ್ರಿ.”

ಶಿವದೇವಿ ಬೆರಳದ್ದಿ ನಿಧಾನವಾಗಿ ಚಪ್ಪರಿಸಿದಳು.

“ಚೂರು ಸಪ್ಪಗೈತಿ,” ಎಂದು ಉಪ್ಪಿನ ಡಬ್ಬಿ ಎಳೆದುಕೊಂಡಳು. “ಪಾಪ, ಮಲ್ಲಯ್ಯ ಬಾಯಿಬಿಟ್ಟು ಹೇಳಾಂವಲ್ಲ.”