ಹಾಲು ಬಿಟ್ಟ ಮರಿಗಳು

ಸಾಯಬಣ್ಣ ಸಿದಿಗೆಯ ಕೊನೆಯ ಗಂಟು ಬಿಗಿಯುತ್ತಿದ್ದಾಗ ಹಿತ್ತಲಿನ ಹಂದಿಮರಿಗಳು ಒಟ್ಟಿಗೆ ಚೀರತೊಡಗಿದವು. ಹೊತ್ತು ನೆತ್ತಿಗೇರಿತ್ತು, ಬೆಳಗಿನಿಂದ ಅವಕ್ಕೆ ಏನೂ ಬಿದ್ದಿರಲಿಲ್ಲ. ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಒಲೆಯಿಲ್ಲದೆ ಗಂಜಿ ಎಲ್ಲಿಂದ ಬರಬೇಕು?

ಅಕ್ಕಲಕೋಟದ ಅಂಚಿನ ಆ ಓಣಿಯಲ್ಲಿ ನಲವತ್ತು ವರ್ಷ ಹಂದಿ ಸಾಕಿದ ಉಮಾಬಾಯಿ ಅಂಗಳದಲ್ಲಿ ಹೊಸ ಸೀರೆಯಲ್ಲಿ ಮಲಗಿದ್ದಳು. ತಲೆಯ ಹತ್ತಿರ ಹೋಟಗಿಯಿಂದ ಬಂದ ತಂಗಿ ಸುಗಲಾಬಾಯಿ, ಕಾಲ ಹತ್ತಿರ ಮಗ ಕಾಮಣ್ಣ. ನೆರೆಮನೆಯ ಸಾಯಬಣ್ಣ ಕೈ ಕೊಡವಿ ಎದ್ದು, ಸೋಲಾಪುರ ರಸ್ತೆಯ ಹೋಟೆಲ್ಲಿನ ಉಳಿಕೆ ಬಕೆಟ್ಟಿನಲ್ಲಿದೆ, ಹಾಗೇ ಸುರಿದುಬಿಡುತ್ತೇನೆ ಎಂದ.

"ಬ್ಯಾಡ್ರಿ ಮಾಮಾ," ಎಂದ ಕಾಮಣ್ಣ. "ಹಾಲ ಬಿಟ್ಟು ನಾಕs ದಿನ ಆಗ್ಯಾವ. ಹೊಟ್ಟಿ ಕೆಡ್ತದ."

ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಕೂತವರು ತಿರುಗಿ ನೋಡಿದರು. ಸುಗಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಖರೆ ಅದ. ನಮ್ಮಕ್ಕನ ಕೈ ತಪ್ಪಿದ್ದು ಅದೊಂದs ಸಲ. ಅದs ಹಳಹಳಿ ಅಕಿನ್ನ ತಿಂತು."

* * *

ಹೋದ ಬೇಸಿಗೆಯಲ್ಲೂ ಒಂಬತ್ತು ಮರಿಗಳು ಹಾಲು ಬಿಟ್ಟಿದ್ದವು. ಅಂಥ ಮರಿಗಳಿಗೆ ಉಮಾಬಾಯಿಯ ಕ್ರಮವೇ ಬೇರೆ. ಜೋಳದ ನುಚ್ಚು ಮೆತ್ತಗೆ ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಮೊದಲ ದಿನ ಒಂದು ಸವುಟು, ಮರುದಿನ ಒಂದೂವರೆ. ಮರಿಗಳ ಮಲ ಗಟ್ಟಿಯಿದೆಯೆಂದು ನೋಡಿದ ಮೇಲೆಯೇ ಅವಳ ಚಹಾ. ಹಡೆದ ಮಗನಿಗೂ ಇಷ್ಟು ಕಾಳಜಿ ಮಾಡಿರಲಿಲ್ಲ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಮದುವೆಮನೆಯ ಉಳಿಕೆ ಡ್ರಮ್ಮಿನಲ್ಲಿ ಬಂತು. ಪೂರಿ, ಬಾಸುಂದಿ, ಶಿರಾ. ಡ್ರಮ್ಮನ್ನು ಸಂಜೆಯೊಳಗೆ ಮರಳಿಸಬೇಕಿತ್ತು, ಅವ್ವ ನಿದ್ದೆಯಲ್ಲಿದ್ದಳು. ದೊಡ್ಡ ಹಂದಿಗಳಿಗೆ ಹಾಕಿ ಉಳಿದದ್ದನ್ನು ಕಾಮಣ್ಣ ಮರಿಗಳ ಕಲ್ಲುದೋಣಿಗೆ ಸುರಿದ. ಅವು ಹೊಟ್ಟೆ ಬಿರಿಯುವಂತೆ ತಿಂದವು. ನೋಡಿ ಅವನಿಗೂ ಖುಷಿಯಾಯಿತು. ಬೆಳಗಾಗುವಷ್ಟರಲ್ಲಿ ಭೇದಿ. ಎರಡೇ ದಿನದಲ್ಲಿ ಏಳು ಸತ್ತವು.

ಉಮಾಬಾಯಿ ಮಜ್ಜಿಗೆಯ ಗಡಿಗೆಯನ್ನು ಮತ್ತೆ ಮತ್ತೆ ಮೂಸಿ ನೋಡಿದಳು. ಕೆಟ್ಟಿತ್ತೇನೋ, ತನಗೆ ವಾಸನೆ ತಿಳಿಯಲಿಲ್ಲವೇನೋ ಎಂದು ಮಗನನ್ನೇ ಕೇಳಿದಳು. ನಿಜ ಹೇಳಲು ಅವನಿಗೆ ಅದೇ ಹೊತ್ತಾಗಿತ್ತು.

"ವಯಸ್ಸಾತು ಅವ್ವಾ," ಎಂದುಬಿಟ್ಟ. "ನಾಳಿಂದ ನಾ ಮಾಡ್ತೀನಿ, ನೀ ಕುಂಡ್ರು."

ಅವಳು ಸವುಟನ್ನು ಅವನ ಕೈಗಿತ್ತಳು. ಮತ್ತೆ ಹಿತ್ತಲಿಗೆ ಹೋಗಲಿಲ್ಲ. ತನ್ನ ಊಟದ ತಟ್ಟೆ ಬಂದರೂ ಮೂಸಿ, ಇದು ಚಲೋ ಇದೆಯೇನೋ ಎಂದು ಅವನನ್ನು ಕೇಳುವಳು. ದಿನಕ್ಕೆರಡು ಬಾರಿ ಅವನು ಚಲೋ ಇದೆ ಎನ್ನುತ್ತಿದ್ದ. ನಿಜ ಮಾತ್ರ ಹೇಳಲಿಲ್ಲ.

* * *

ಹೆಗಲು ಕೊಡಲು ಏಳು ಎಂದು ಸಾಯಬಣ್ಣ ಕರೆದ. ಕಾಮಣ್ಣ ಏಳಲಿಲ್ಲ.

"ಚಿಗವ್ವಾ, ಅವ್ವನ ಕೈ ತಪ್ಪಿದ್ದಿಲ್ಲ," ಎಂದ. "ಮರಿಗೋಳಿಗೆ ಬಾಸುಂದಿ ಹಾಕಿದಾಂವ ನಾನು. ತಪ್ಪು ಅಕಿ ಮ್ಯಾಲೆ ಹಾಕಿ ಸುಮ್ಮ ಕುಂತೆ."

ಸುಗಲಾಬಾಯಿ ಅವನತ್ತ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನನಗ್ಯಾಕ ಹೇಳ್ತಿ?" ಎಂದಳು.

ಆಮೇಲೆ ಬಾಗಿ, ಅಕ್ಕನ ಮುಖದ ಮೇಲಿನ ಸೆರಗು ಸರಿಸಿ, ಕಿವಿಗೆ ಇಟ್ಟಿದ್ದ ಹತ್ತಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದು ತೆಗೆದು, ಅವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.